ಪ್ರೋಟಿಸ್ಟಾ, ಫಂಗಸ್ಸಾ? ಪರೀಕ್ಷೆಲೂ ತೋಟದಲ್ಲೂ ಗೊಂದಲ ಬಿಡಿಸ್ಕೊಳ್ಳೋದು ಹೀಗೆ

ಮಳೆಗಾಲ ಶುರುವಾದ್ರೆ ಸಾಕು, ನಂಗೆ ಎರಡು ಕಡೆಯಿಂದ ಪ್ರಶ್ನೆ ಬರುತ್ತೆ. ಫಸ್ಟ್ ಪಿಯುಸಿ ಮಕ್ಕಳು ಕೇಳೋದು: ‘ಸರ್, ಪ್ರೋಟಿಸ್ಟಾಗೂ ಫಂಜೈಗೂ ವ್ಯತ್ಯಾಸ ಬರೀರಿ ಅಂತ ಕೊಡ್ತಾರೆ, ಎರಡೂ ಯೂಕ್ಯಾರಿಯೋಟೇ ಅಲ್ವಾ, ಏನಂತ ಬರೀಲಿ?’ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ತೋಟದೋರು ಕೇಳೋದು: ‘ಕಾಫಿ ತುಕ್ಕಿಗೆ ಕೆಲಸ ಮಾಡಿದ ಔಷಧಿನೇ ಅಡಿಕೆ ಕೊಳೆಗೂ ಹೊಡೆದ್ವಿ, ಒಂಚೂರೂ ಹಿಡಿತಕ್ಕೆ ಬರ್ಲಿಲ್ಲ, ಯಾಕೆ?’ ನೋಡೋಕೆ ಬೇರೆ ಬೇರೆ ಅನ್ಸಿದ್ರೂ ಇವೆರಡೂ ಒಂದೇ ಪ್ರಶ್ನೆ ಕಣ್ರೀ. ಮೊದಲನೇದಕ್ಕೆ ಉತ್ತರ ಸರಿಯಾಗಿ ಗೊತ್ತಾದ್ರೆ ಎರಡನೇದು ತಾನಾಗೇ ಬಿಡಿಸ್ಕೊಳ್ಳುತ್ತೆ. ಪ್ರತಿ ವರ್ಷ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ, ಹಂತ ಹಂತವಾಗಿ ಹೋಗಿ, ಮಧ್ಯದಲ್ಲಿ ಹಾರಿಸಬೇಡಿ.

ಏನೇನು ಬೇಕು

ಓದಿ ಅರ್ಥ ಮಾಡ್ಕೊಳ್ಳೋಕೆ ಏನೂ ಬೇಡ. ಕಣ್ಣಾರೆ ನೋಡ್ಬೇಕು ಅಂದ್ರೆ ಕಾಲೇಜಲ್ಲಿರೋ ಸಾಮಾನ್ಯ ಮೈಕ್ರೋಸ್ಕೋಪ್, ಒಂದೆರಡು ಸ್ಲೈಡು, ಕವರ್ ಸ್ಲಿಪ್ಪು, ಡ್ರಾಪರ್ರು, ಒಂದು ಬಾಟಲಿ ಕೆರೆ ನೀರು, ಒಂದು ಹಳೇ ಚಪಾತಿ. ತೋಟದ ಕೆಲಸಕ್ಕೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಕೈ ಲೆನ್ಸ್ ಇದ್ರೆ ಸಾಕು.

1. ಮೊದ್ಲು ಬ್ಯಾಕ್ಟೀರಿಯಾನ ಪಕ್ಕಕ್ಕಿಡಿ

ಪ್ರೋಟಿಸ್ಟು, ಫಂಗಸ್ಸು ಎರಡೂ ಯೂಕ್ಯಾರಿಯೋಟ್. ಅಂದ್ರೆ ಕೋಶದ ಒಳಗೆ ಪೊರೆ ಸುತ್ತಿದ ನ್ಯೂಕ್ಲಿಯಸ್ ಇರುತ್ತೆ. ಬ್ಯಾಕ್ಟೀರಿಯಾಗೆ ಅದಿಲ್ಲ. ಇಷ್ಟೇನಾ ಅನ್ಬೇಡಿ, ಇಲ್ಲೇ ಎರಡು ಗುಂಡಿ ಇದಾವೆ. ಕೆರೆ ಮೇಲೆ ನೀಲಿ ಹಸಿರಾಗಿ ತೇಲೋದನ್ನ ನೀಲಿ ಹಸಿರು ಪಾಚಿ ಅಂತೀವಿ, ಆದ್ರೆ ಅದು ಸಯನೋಬ್ಯಾಕ್ಟೀರಿಯಾ, ಪ್ರೋಟಿಸ್ಟಾ ಪಟ್ಟಿಗೆ ಸೇರಿಸಬೇಡಿ. ಹಂಗೇ ಸ್ಟ್ರೆಪ್ಟೋಮೈಸಿಸ್. ಹೆಸರಲ್ಲಿ ‘ಮೈಸಿಸ್’ (ಗ್ರೀಕಲ್ಲಿ ಫಂಗಸ್ ಅಂತ) ಇದೆ, ದಾರದ ತರ ಬೆಳೆಯುತ್ತೆ, ಅದಕ್ಕೇ ಮಕ್ಕಳು ಫಂಗಸ್ ಅಂತ ಬರೀತಾರೆ. ಅದೂ ಬ್ಯಾಕ್ಟೀರಿಯಾನೇ. ಹೆಸರು ನೋಡಿ ತೀರ್ಮಾನ ಮಾಡೋ ಅಭ್ಯಾಸ ಈ ವಿಷಯದಲ್ಲಿ ಬಹಳ ಕೈ ಕೊಡುತ್ತೆ, ಮುಂದೆ ಇನ್ನೂ ದೊಡ್ಡ ಉದಾಹರಣೆ ಬರುತ್ತೆ.

2. ಪ್ರೋಟಿಸ್ಟಾ ಅಂದ್ರೆ ಎಂಥ ಗುಂಪು ಅಂತ ಸರಿಯಾಗಿ ತಿಳ್ಕೊಳ್ಳಿ

ಅರ್ಧ ಗೊಂದಲ ಹುಟ್ಟೋದೇ ಇಲ್ಲಿ. ಎರ್ನ್ಸ್ಟ್ ಹೆಕೆಲ್ 1866ರಲ್ಲಿ ಸಸ್ಯನೂ ಅಲ್ಲದ ಪ್ರಾಣಿನೂ ಅಲ್ಲದ ಜೀವಿಗಳಿಗೆ ಪ್ರೋಟಿಸ್ಟಾ ಅಂತ ಬೇರೆ ಸಾಮ್ರಾಜ್ಯ ಮಾಡಿದ. ಆಮೇಲೆ 1969ರಲ್ಲಿ ರಾಬರ್ಟ್ ವಿಟೇಕರ್ ಐದು ಸಾಮ್ರಾಜ್ಯದ ವರ್ಗೀಕರಣ ಕೊಟ್ಟ, ಮೊನೆರಾ (ಬ್ಯಾಕ್ಟೀರಿಯಾ), ಪ್ರೋಟಿಸ್ಟಾ, ಫಂಜೈ (ಫಂಗಸ್ಸುಗಳು), ಪ್ಲಾಂಟೆ (ಗಿಡ), ಅನಿಮೇಲಿಯಾ (ಪ್ರಾಣಿ). ನಮ್ಮ ಪಿಯುಸಿ ಪಾಠ ನಡೆಯೋದು ಇದರ ಮೇಲೇನೇ.

ಫಂಜೈ ಒಂದೇ ವಂಶದ ಕುಟುಂಬ, ಒಂದೇ ಪೂರ್ವಜರಿಂದ ಬಂದಿದ್ದು. ಪ್ರೋಟಿಸ್ಟಾ ಹಂಗಿಲ್ಲ. ನ್ಯೂಕ್ಲಿಯಸ್ ಇದೆ, ಆದ್ರೆ ಗಿಡಕ್ಕೂ ಸೇರಲ್ಲ, ಪ್ರಾಣಿಗೂ ಸೇರಲ್ಲ, ಫಂಗಸ್ಸಿಗೂ ಸೇರಲ್ಲ ಅನ್ನೋವೆಲ್ಲ ಬಂದು ಕೂತಿರೋ ಜಾಗ ಅದು. ಅಮೀಬಾ, ಪ್ಯಾರಮೀಸಿಯಂ, ಯುಗ್ಲೀನಾ, ಡಯಾಟಮ್, ಮಲೇರಿಯಾ ತರೋ ಪ್ಲಾಸ್ಮೋಡಿಯಂ, ಲೋಳೆ ಬೂಷ್ಟು ಎಲ್ಲಾ ಅಲ್ಲೇ. ಇವುಗಳ ಒಳಗೊಳಗೇ ಸಂಬಂಧ ಬಹಳ ದೂರ. ಅದಕ್ಕೇ ಪ್ರೋಟಿಸ್ಟಾ ಬಗ್ಗೆ ಏನೇ ಬರೆದ್ರೂ ‘ಬಹುತೇಕ’, ‘ಕೆಲವು’ ಅನ್ನೋ ಪದ ಬಿಡಬೇಡಿ. ‘ಪ್ರೋಟಿಸ್ಟ್‌ಗಳು ಏಕಕೋಶೀಯ’ ಅಂತ ಬರೆದ್ರೆ ಅರ್ಧ ತಪ್ಪು, ‘ಬಹುತೇಕ ಏಕಕೋಶೀಯ’ ಅಂದ್ರೆ ಸರಿ.

ಇನ್ನೊಂದು ಮಾತು, ಇದು ನಂಗೆ ಮೊದಲು ಓದಿದಾಗ ಬಹಳ ಆಶ್ಚರ್ಯ ಆಗಿತ್ತು. ಅಣಬೆ ನೆಲದಲ್ಲಿ ಬೇರೂರಿ ನಿಂತಿರೋ ಹಂಗೆ ಕಂಡ್ರೂ ವಂಶದ ಲೆಕ್ಕದಲ್ಲಿ ಫಂಗಸ್ಸು ಗಿಡಕ್ಕಿಂತ ಪ್ರಾಣಿಗೇ ಹತ್ತಿರದ ನೆಂಟ.

3. ನಾಲ್ಕು ಪ್ರಶ್ನೆ ಕೇಳಿ

ಯಾವ ಜೀವಿ ಸಿಕ್ಕಿದ್ರೂ ಈ ನಾಲ್ಕನ್ನ ಇದೇ ಆರ್ಡರಲ್ಲಿ ಕೇಳ್ಕೊಳ್ಳಿ.

ಮೈ ಹೆಂಗಿದೆ? ಫಂಗಸ್ಸಿನ ಮೈ ಅಂದ್ರೆ ದಾರ. ಒಂದು ದಾರಕ್ಕೆ ಹೈಫಾ ಅಂತಾರೆ, ದಾರಗಳೆಲ್ಲ ಹೆಣ್ಕೊಂಡು ಬಲೆ ಆದ್ರೆ ಮೈಸೀಲಿಯಂ, ಕನ್ನಡ ಪುಸ್ತಕದಲ್ಲಿ ಕವಕಜಾಲ ಅಂತ ಇರುತ್ತೆ. ನಾವು ಕಿತ್ತು ತರೋ ಹುತ್ತದ ಅಣಬೆ ಅದರ ಹಣ್ಣಿದ್ದಂಗೆ, ನಿಜವಾದ ಮೈ ಹುತ್ತದ ಒಳಗೇ ಇರುತ್ತೆ. ಯೀಸ್ಟ್ ಒಂದು ಅಪವಾದ, ಅದು ಏಕಕೋಶದ ಫಂಗಸ್. ಪ್ರೋಟಿಸ್ಟ್ ಬಹುತೇಕ ಒಂದೇ ಕೋಶ, ಆ ಒಂದು ಕೋಶದಲ್ಲೇ ಊಟ, ಓಡಾಟ, ಸಂತಾನ ಎಲ್ಲಾ ನಡೀಬೇಕು.

ಊಟ ಹೆಂಗೆ? ಫಂಗಸ್ಸು ಯಾವುದೂ ಬಿಸಿಲಲ್ಲಿ ಆಹಾರ ಮಾಡ್ಕೊಳ್ಳಲ್ಲ, ಒಂದೂ ಇಲ್ಲ. ಅದು ಎಂಜೈಮನ್ನ ಹೊರಗೆ ಬಿಟ್ಟು, ಸುತ್ತ ಇರೋದನ್ನ ಹೊರಗೇ ಜೀರ್ಣ ಮಾಡಿ, ಆಮೇಲೆ ಹೀರ್ಕೊಳ್ಳುತ್ತೆ. ಸತ್ತ ಮರ, ಎಲೆ ಮೇಲೆ ಬದುಕಿದ್ರೆ ಕೊಳೆತಿನಿ, ಬದುಕಿರೋದ್ರ ಮೇಲೆ ಬದುಕಿದ್ರೆ ಪರಾವಲಂಬಿ. ಪ್ರೋಟಿಸ್ಟಲ್ಲಿ ಎಲ್ಲಾ ತರನೂ ಇದೆ. ಡಯಾಟಮ್ ಬಿಸಿಲಲ್ಲಿ ಆಹಾರ ಮಾಡುತ್ತೆ, ಅಮೀಬಾ ಆಹಾರನ ಸುತ್ತುವರಿದು ನುಂಗುತ್ತೆ, ಯುಗ್ಲೀನಾ ಬೆಳಕಿದ್ರೆ ಗಿಡದ ತರ, ಕತ್ತಲಾದ್ರೆ ಬೇರೆ ಜೀವಿಗಳನ್ನ ತಿಂದು ಬದುಕುತ್ತೆ.

ಗೋಡೆ ಯಾವುದ್ರದ್ದು? ಒಂದೇ ಒಂದು ವ್ಯತ್ಯಾಸ ನೆನಪಿಟ್ಕೊಳ್ತೀನಿ ಅನ್ನೋರು ಇದನ್ನ ಇಟ್ಕೊಳ್ಳಿ. ಫಂಗಸ್ಸಿನ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತೆ. ಏಡಿ ಚಿಪ್ಪು, ಕಾಫಿ ಗಿಡ ಕೊರೆಯೋ ಬಿಳಿ ಕಾಂಡಕೊರಕದ ದುಂಬಿಯ ಗಟ್ಟಿ ಮೈ, ಎಲ್ಲದರಲ್ಲೂ ಇರೋದು ಇದೇ ಕೈಟಿನ್. ಪ್ರೋಟಿಸ್ಟಲ್ಲಿ ಅಮೀಬಾ, ಪ್ಯಾರಮೀಸಿಯಂಗೆ ಗೋಡೆನೇ ಇಲ್ಲ, ಡಯಾಟಮ್‌ಗೆ ಗಾಜಿನ ತರದ ಸಿಲಿಕಾ ಗೋಡೆ, ಡೈನೋಫ್ಲಾಜೆಲೇಟ್‌ಗೆ ಸೆಲ್ಯುಲೋಸ್ ಹಲಗೆಗಳು, ಯುಗ್ಲೀನಾಗೆ ಪ್ರೋಟೀನಿನ ಹೊದಿಕೆ.

ಓಡಾಡುತ್ತಾ? ಪ್ರೋಟಿಸ್ಟಿಗೆ ಚಲನೆ ಅಂದ್ರೆ ಮೂರು ಸಾಧನ: ಸಣ್ಣ ಕೂದಲಿನಂಥ ಸೀಲಿಯಾ, ಚಾವಟಿಯಂಥ ಫ್ಲಾಜೆಲ್ಲಾ, ಮೈನೇ ಚಾಚಿ ಹರಿಯೋ ಮಿಥ್ಯಪಾದ. ಫಂಗಸ್ಸು ಓಡಾಡಲ್ಲ, ಬೆಳೆದು ಹೋಗುತ್ತೆ, ಬೀಜಾಣು ಗಾಳಿಲಿ ಮಳೇಲಿ ಹರಡುತ್ತೆ. ಈಜೋ ಬೀಜಾಣು ಇರೋ ನಿಜವಾದ ಫಂಗಸ್ಸು ಅಂದ್ರೆ ಕೈಟ್ರಿಡ್ ಗುಂಪಿನಂಥ ಕೆಲವು ಮಾತ್ರ.

4. ಮನೇಲೇ ಎರಡೂ ಬೆಳೆಸಿ ನೋಡಿ

ಪ್ರೋಟಿಸ್ಟಿಗೆ: ಹತ್ತಿರದ ಕೆರೆ ನೀರು ಒಂದು ಬಾಟಲಿ ತನ್ನಿ. ಹಾಸನದೋರಿಗೆ ಊರ ಸುತ್ತ ಎಷ್ಟು ಕೆರೆ ಬೇಕೋ ಅಷ್ಟು, ಚಿಕ್ಕಮಗಳೂರಿನೋರಿಗೆ ಬಸವನಹಳ್ಳಿ ಕೆರೆ ಇದೆ. ದಡದ ಹತ್ರ ಎಲೆ ಕೊಳೆತಿರೋ ಜಾಗದಿಂದ ತಗೊಳ್ಳಿ, ಮಧ್ಯದ ತಿಳಿನೀರಲ್ಲಿ ಏನೂ ಸಿಗಲ್ಲ. ಅದಕ್ಕೆ ಒಂದು ಹಿಡಿ ಒಣ ಭತ್ತದ ಹುಲ್ಲು ಕತ್ತರಿಸಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲು ಬೀಳದ ಜಾಗದಲ್ಲಿ ನಾಲ್ಕೈದು ದಿನ ಇಡಿ. ನೀರಿನ ಮೇಲೆ ತೆಳ್ಳಗೆ ಕೆನೆ ಕಟ್ಟಿರುತ್ತೆ, ಅದರ ಕೆಳಗಿಂದ ಒಂದು ಹನಿ ತೆಗೆದು ಸ್ಲೈಡಿಗೆ ಹಾಕಿ. ಪ್ಯಾರಮೀಸಿಯಂ ಇದ್ರೆ ನೂರು ಪಟ್ಟಲ್ಲೇ ಚಪ್ಪಲಿ ಆಕಾರದಲ್ಲಿ ತಿರುಗ್ತಾ ಓಡೋದು ಕಾಣುತ್ತೆ. ಬಹಳ ಸ್ಪೀಡಾಗಿ ಓಡುತ್ತೆ ಅನ್ನೋದೇ ಎಲ್ಲರ ದೂರು, ಅದಕ್ಕೆ ಹತ್ತಿಯ ನಾಲ್ಕೈದು ಎಳೆ ಬಿಡಿಸಿ ಹನಿಯಲ್ಲಿ ಹಾಕಿ, ಎಳೆಗಳ ಮಧ್ಯೆ ಸಿಕ್ಕೊಂಡು ನಿಧಾನ ಆಗುತ್ತೆ. 1674ರಲ್ಲಿ ಆಂಟನಿ ವಾನ್ ಲೇವನ್‌ಹುಕ್ ಹಾಲೆಂಡಿನ ಒಂದು ಕೆರೆ ನೀರಲ್ಲಿ ಮೊದಲ ಸಲ ಇಂಥವನ್ನ ಕಂಡಿದ್ದು, ತಾನೇ ಉಜ್ಜಿ ಮಾಡಿದ ಒಂದೇ ಲೆನ್ಸಿನ ಸಾಧನದಲ್ಲಿ. ನಿಮ್ಮ ಕಾಲೇಜಿನ ಮೈಕ್ರೋಸ್ಕೋಪ್ ಎಷ್ಟೇ ಹಳೇದಾದ್ರೂ ಧೈರ್ಯವಾಗಿ ಹನಿ ಹಾಕಿ ನೋಡಿ.

ಫಂಗಸ್ಸಿಗೆ: ಚಪಾತಿ ಮೇಲೆ ನೀರು ಚಿಮುಕಿಸಿ ಮುಚ್ಚಿದ ಡಬ್ಬದಲ್ಲಿ ಮೂರ್ನಾಲ್ಕು ದಿನ ಇಡಿ. ಪ್ಯಾಕೆಟ್ ಬ್ರೆಡ್ಡಲ್ಲಿ ಕೆಡದೇ ಇರೋಕೆ ಕೆಮಿಕಲ್ ಹಾಕಿರ್ತಾರೆ, ಬೂಷ್ಟು ಬರೋದು ಲೇಟು. ಬಿಳಿ ದಾರ, ತುದೀಲಿ ಕಪ್ಪು ಚುಕ್ಕಿ ಬಂದಿದ್ರೆ ಬಹುಶಃ ರೈಜೋಪಸ್. ಸೂಜೀಲಿ ಚೂರೇ ಚೂರು ಎತ್ತಿ ಒಂದು ಹನಿ ನೀರಲ್ಲಿ ಬಿಡಿಸಿ ನೋಡಿ. ಕಾಲೇಜಲ್ಲಿ ಲ್ಯಾಕ್ಟೋಫೀನಾಲ್ ಕಾಟನ್ ಬ್ಲೂ ಅನ್ನೋ ಬಣ್ಣ ಇದ್ರೆ ದಾರ ನೀಲಿಯಾಗಿ ಚೆನ್ನಾಗಿ ಕಾಣುತ್ತೆ.

ದಯವಿಟ್ಟು ಗಮನ ಕೊಡಿ: ಬೂಷ್ಟಿನ ಡಬ್ಬನ ಮೂಗಿನ ಹತ್ರ ಹಿಡಿದು ಮೂಸಬೇಡಿ, ಬೀಜಾಣು ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಆಸ್ತಮಾ ಇರೋ ಮಕ್ಕಳಿಂದ ಈ ಕೆಲಸ ಮಾಡಿಸಲೇಬೇಡಿ. ಮುಗಿದ ಮೇಲೆ ಡಬ್ಬಕ್ಕೆ ಕುದಿಯೋ ನೀರು ಹಾಕಿ, ಕೆರೆ ನೀರು ಮುಟ್ಟಿದ ಕೈನ ಸೋಪಲ್ಲಿ ತೊಳೀರಿ, ಆಮಶಂಕೆ ತರೋ ಎಂಟಮೀಬಾ ಕೂಡ ಪ್ರೋಟಿಸ್ಟೇ, ಕೊಳಕು ನೀರಲ್ಲೇ ಬರೋದು.

5. ವೇಷ ಹಾಕ್ಕೊಂಡಿರೋರನ್ನ ಗುರುತಿಸಿ

ಮೂರು ಜೀವಿಗಳು ಎಲ್ಲರನ್ನೂ ಯಾಮಾರಿಸ್ತವೆ.

ಲೋಳೆ ಬೂಷ್ಟು: ಜುಲೈ ಆಗಸ್ಟಲ್ಲಿ ಕೊಳೆತ ಮರದ ದಿಮ್ಮಿ ಮೇಲೆ ಹಳದಿ ಲೋಳೆ ಹರಡಿರುತ್ತೆ, ಬೆಳಗ್ಗೆ ಇಲ್ಲಿ, ಮಾರನೇ ದಿನ ಅರ್ಧ ಅಡಿ ಆಚೆ. ಫಂಗಸ್ ತರ ಬೀಜಾಣು ಬಿಡುತ್ತೆ, ಆದ್ರೆ ಅಮೀಬಾ ತರ ಹರಿದಾಡುತ್ತೆ, ಬ್ಯಾಕ್ಟೀರಿಯಾನ ನುಂಗುತ್ತೆ. ಪ್ರೋಟಿಸ್ಟಾ.

ಕಲ್ಲುಹೂವು: ಮಸಾಲೆಗೆ ಹಾಕ್ತೀವಲ್ಲ, ಅದೇ. ಸಿಲ್ವರ್ ಓಕ್ ಕಾಂಡದ ಮೇಲೆ ಬೂದು ಹಸಿರು ಪಟ್ಟೆ ಕಾಣೋದೂ ಇದೇ ಜಾತಿ. ಇದು ಒಂದು ಜೀವಿ ಅಲ್ವೇ ಅಲ್ಲ, ಫಂಗಸ್ಸೂ ಪಾಚಿನೂ ಒಟ್ಟಿಗೆ ಸಂಸಾರ ಮಾಡ್ತಿರೋದು, ಕೆಲವದ್ರಲ್ಲಿ ಪಾಚಿ ಬದಲು ಸಯನೋಬ್ಯಾಕ್ಟೀರಿಯಾ ಇರುತ್ತೆ. ಗಿಡಕ್ಕೆ ರೋಗ ಅಂತ ಔಷಧಿ ಹೊಡೀಬೇಡಿ.

ಮೂರನೇದು ಊಮೈಸೀಟ್. ಕನ್ನಡದಲ್ಲಿ ಹೇಳ್ಬೇಕು ಅಂದ್ರೆ ನೀರು ಬೂಷ್ಟು. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಯ ರೈತರಿಗೆ ಬದುಕಿನ ಪ್ರಶ್ನೆ ಇರೋದು ಇಲ್ಲೇ, ಅದಕ್ಕೆ ಇದನ್ನ ಬೇರೆಯಾಗೇ ಬರೀತೀನಿ.

6. ಊಮೈಸೀಟನ್ನ ತೋಟದಲ್ಲಿ ಕಂಡು ಹಿಡೀರಿ

ಅಡಿಕೆ ಕೊಳೆರೋಗ, ಮೆಣಸಿನ ಬಳ್ಳಿ ಬೇಗ ಸೊರಗೋ ರೋಗ, ಹಾಸನದ ಆಲೂಗೆಡ್ಡೆ ಅಂಗಮಾರಿ, ಮೂರಕ್ಕೂ ಕಾರಣ ಫೈಟಾಫ್ತೊರಾ ಅನ್ನೋ ಊಮೈಸೀಟ್. ಹೆಸರಿಗೆ ಗ್ರೀಕಲ್ಲಿ ಗಿಡ ನಾಶಕ ಅಂತ ಅರ್ಥ. 1845ರಿಂದ ಐರ್ಲೆಂಡಲ್ಲಿ ಆಲೂಗೆಡ್ಡೆ ಕೊಳೆಸಿ ಭೀಕರ ಬರ ತಂದಿದ್ದೂ ಇದೇ ಜಾತಿ, ಫೈಟಾಫ್ತೊರಾ ಇನ್ಫೆಸ್ಟನ್ಸ್. ನೋಡೋಕೆ ಪಕ್ಕಾ ಫಂಗಸ್ ತರನೇ, ಬಿಳಿ ದಾರ ಇದೆ, ಹೀರ್ಕೊಂಡೇ ಊಟ ಮಾಡುತ್ತೆ, ಅದಕ್ಕೇ ಬಹಳ ವರ್ಷ ಫಂಗಸ್ ಅಂತಲೇ ಬರೆದ್ರು. ಆದ್ರೆ ಮೂರನೇ ಹಂತದ ಪ್ರಶ್ನೆ ಕೇಳಿ ನೋಡಿ. ಗೋಡೆ ಮುಖ್ಯವಾಗಿ ಸೆಲ್ಯುಲೋಸು, ಗ್ಲೂಕನ್ನು. ಬೀಜಾಣುಗೆ ಎರಡು ಚಾವಟಿ ಇದೆ, ನೀರಲ್ಲಿ ಈಜುತ್ತೆ. ವಂಶ ನೋಡಿದ್ರೆ ಡಯಾಟಮ್ಮಿಗೂ ಸಮುದ್ರದ ಕಂದು ಪಾಚಿಗೂ ನೆಂಟ. ಅಂದ್ರೆ ಪ್ರೋಟಿಸ್ಟ್ ಕಡೆಯೋರು.

ಈಜುತ್ತೆ ಅನ್ನೋದೊಂದು ಅರ್ಥ ಆದ್ರೆ ನಮ್ಮ ಹಿರಿಯರು ಮಾಡ್ತಿದ್ದಿದ್ದೆಲ್ಲ ಅರ್ಥ ಆಗುತ್ತೆ. ಒಂದೇ ಸಮ ಮಳೆ, ಮಂಜು, ಮೋಡ ಇದ್ದಾಗ್ಲೇ ಯಾಕೆ ಕೊಳೆ ಏಳುತ್ತೆ? ಕಾಯಿ ಮೇಲೆ ನಿಂತ ತೆಳ್ಳನೆ ನೀರಿನ ಪದರ ಸಾಕು ಅದಕ್ಕೆ ಈಜೋಕೆ. ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಾಗದಂಗೆ ಹೊದಿಸೋ ಹೊದಿಕೆ) ಕಟ್ಟೋದು ಯಾಕೆ ಕೆಲಸ ಮಾಡುತ್ತೆ? ನೀರು ತಾಗದೇ ಇದ್ರೆ ಈಜೋಕೆ ದಾರಿನೇ ಇಲ್ಲ. ಮೆಣಸಿನ ಬುಡದಲ್ಲಿ ನೀರು ನಿಲ್ಲಬಾರದು ಅಂತ ಬಸಿಗಾಲುವೆ ತೆಗೆಯೋದೂ ಇದಕ್ಕೇ.

ಈಗ ಹೆಸರಿನ ದೊಡ್ಡ ಗುಂಡಿ. ಕಾಫಿಗೂ ಕೊಳೆರೋಗ ಬರುತ್ತೆ, ಎಲೆ ಕಪ್ಪಾಗಿ ಉದುರದೆ ದಾರದಲ್ಲಿ ನೇತಾಡ್ತಾ ಇರುತ್ತಲ್ಲ ಅದು. ಅದು ನಿಜವಾದ ಫಂಗಸ್! ಅದರ ವೈಜ್ಞಾನಿಕ ಹೆಸರು ಕೊಳೆರೋಗ ನಾಕ್ಸಿಯಾ, ನಮ್ಮ ಮಲೆನಾಡಿನ ಕನ್ನಡ ಪದವೇ ಲೋಕದ ವಿಜ್ಞಾನಿಗಳ ಬಾಯಿಗೆ ಹೋಗಿದೆ, ನೆನೆಸ್ಕೊಂಡ್ರೆ ಹೆಮ್ಮೆ ಆಗುತ್ತೆ ನಂಗೆ. ಆದ್ರೆ ಕಾಫಿ ಕೊಳೆನೂ ಅಡಿಕೆ ಕೊಳೆನೂ ಒಂದೇ ಅನ್ಕೊಂಡು ಒಂದೇ ಔಷಧಿ ತಂದ್ರೆ ದುಡ್ಡು ಮಣ್ಣಿಗೆ.

ಆಲೂಗೆಡ್ಡೇಲೂ ಇದೇ ಕಥೆ. ಹಳೇ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ, ಒಳಗೆ ಬಳೆ ಬಳೆಯಾಗಿ ಗೆರೆ ಇದ್ರೆ ಅದು ಆಲ್ಟರ್ನೇರಿಯಾ, ನಿಜವಾದ ಫಂಗಸ್. ಎಲೆ ಅಂಚಿಂದ ನೀರು ತುಂಬಿದಂಗೆ ಮಚ್ಚೆ ಶುರುವಾಗಿ ಕಪ್ಪಾಗ್ತಾ ಹೋಗಿ, ಬೆಳಗಿನ ಹೊತ್ತು ಎಲೆ ತಿರುಗಿಸಿ ನೋಡಿದ್ರೆ ಅಂಚಲ್ಲಿ ಬಿಳಿ ಹತ್ತಿ ಕಂಡ್ರೆ ಅಂಗಮಾರಿ, ಊಮೈಸೀಟ್. ಮಧ್ಯಾಹ್ನ ನೋಡಿದ್ರೆ ಒಣಗಿ ಹತ್ತಿ ಕಾಣಲ್ಲ, ಹಂಗಾಗಿ ಬೆಳಗ್ಗೆನೇ ಹೊಲಕ್ಕೆ ಹೋಗಿ. ಕಾಫಿ ಎಲೆ ಕೆಳಗಡೆ ಕಿತ್ತಳೆ ಪುಡಿ ಇದ್ರೆ ಹೆಮಿಲಿಯಾ ಅನ್ನೋ ತುಕ್ಕು, ನಿಜವಾದ ಫಂಗಸ್, 1869ರಲ್ಲಿ ಸಿಲೋನಲ್ಲಿ ಕಾಣಿಸ್ಕೊಂಡು ಅಲ್ಲಿನ ಕಾಫಿನೇ ಮುಗಿಸಿ ಟೀ ಬೆಳೆಯೋ ಹಂಗೆ ಮಾಡಿದ್ದು.

7. ಔಷಧಿ ಆರಿಸೋವಾಗ ಈ ವ್ಯತ್ಯಾಸ ಉಪಯೋಗಿಸಿ

ಅಂಗಡೀಲಿ ಎಲ್ಲದಕ್ಕೂ ಫಂಗಿಸೈಡ್ ಅಂತಲೇ ಕೊಡ್ತಾರೆ. ಡಬ್ಬದ ಮೇಲೆ ಬ್ರಾಂಡ್ ಹೆಸರು ಬಿಡಿ, ಕೆಳಗೆ ಸಣ್ಣ ಅಕ್ಷರದಲ್ಲಿ ಇರೋ ರಾಸಾಯನಿಕದ ಹೆಸರು ಓದಿ.

ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ತರ ‘ಕೊನಜೋಲ್’ ಅಂತ ಮುಗಿಯೋವು ಫಂಗಸ್ಸಿನ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಅನ್ನೋ ಕೊಬ್ಬಿನಂಥ ವಸ್ತು ತಯಾರಾಗೋದನ್ನ ನಿಲ್ಲಿಸ್ತವೆ. ಫೈಟಾಫ್ತೊರಾ ಅದನ್ನ ತಯಾರೇ ಮಾಡಲ್ಲ, ನಿಲ್ಸೋಕೆ ಏನಿದೆ ಹೇಳಿ? ಕಾರ್ಬೆಂಡಜಿಮ್ ಅನ್ನೋ ಇನ್ನೊಂದು ಫಂಗಿಸೈಡೂ ಊಮೈಸೀಟಿಗೆ ನಾಟಲ್ಲ. ನಮ್ಮ ಮನೇಲೇ ಒಂದು ವರ್ಷ ಅಂಗಡಿಯೋರು ಕೊಟ್ಟಿದ್ದನ್ನ ನಂಬಿ ಆಲೂಗೆಡ್ಡೆಗೆ ಮೂರು ಸಲ ಕಾರ್ಬೆಂಡಜಿಮ್ ಹೊಡೆದು ಹೊಲ ಪೂರ್ತಿ ಕಳ್ಕೊಂಡ್ವಿ, ಆ ನೋವಿಗೇ ಇಷ್ಟು ಬಿಡಿಸಿ ಬರೀತಿರೋದು.

ಮೆಟಲಾಕ್ಸಿಲ್ ಉಲ್ಟಾ, ಊಮೈಸೀಟಿಗೆ ನಾಟುತ್ತೆ, ಕಾಫಿ ತುಕ್ಕಿಗೆ ಪ್ರಯೋಜನ ಇಲ್ಲ. ಅದನ್ನೇ ಮತ್ತೆ ಮತ್ತೆ ಹೊಡೆದ್ರೆ ರೋಗಾಣು ತಡ್ಕೊಳ್ಳೋ ಶಕ್ತಿ ಬೆಳೆಸ್ಕೊಳ್ಳುತ್ತೆ, ಇದು ಆಲೂಗೆಡ್ಡೆ ಬೆಳೆಯೋ ಹಲವು ದೇಶದಲ್ಲಿ ಆಗಿದೆ. ಪ್ರಮಾಣ ಎಷ್ಟು ಅಂತ ನಾನು ಹೇಳಲ್ಲ, ಬೆಳೆ ನೋಡಿ ಹೇಳೋರ ಹತ್ರನೇ ಕೇಳಿ.

ಎರಡಕ್ಕೂ ಆಗೋದು ತಾಮ್ರ, ಅಂದ್ರೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡೋ ನಮ್ಮ ಬೋರ್ಡೋ ದ್ರಾವಣ. 1885ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿ ಮಿಯಾರ್ಡೆ ಇದನ್ನ ಬಳಕೆಗೆ ತಂದಿದ್ದು ದ್ರಾಕ್ಷಿಯ ಬೂಜು ತುಪ್ಪಟ ರೋಗಕ್ಕೆ, ಅದೂ ಊಮೈಸೀಟೇ. ನಮ್ಮಲ್ಲಿ ಅಡಿಕೆಗೆ ಇದನ್ನ ಬಳಕೆಗೆ ತರೋಕೆ ದುಡಿದೋರು ಲೆಸ್ಲಿ ಕೋಲ್ಮನ್, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ, ಅಡಿಕೆ ಕೊಳೆರೋಗದ ಮೇಲೆ ಮೊದಮೊದಲು ಕೂತು ಅಧ್ಯಯನ ಮಾಡಿದೋರು.

ಶೇಕಡಾ 1ರ ಬೋರ್ಡೋಗೆ: 1 ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ, 1 ಕೆಜಿ ಒಳ್ಳೇ ಸುಟ್ಟ ಸುಣ್ಣ ಇನ್ನೊಂದು 50 ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಲ್ಲಿ. ಕಬ್ಬಿಣದ ಡ್ರಮ್ ಬೇಡ, ತಾಮ್ರ ಅದಕ್ಕೇ ಅಂಟ್ಕೊಳ್ಳುತ್ತೆ. ಸುಣ್ಣ ಸೋಸಿ, ತಣ್ಣಗಾದ ಮೇಲೆ ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನ ಸುರೀತಾ ಕಲಕಿ, ಸುಣ್ಣನ ತುತ್ತಕ್ಕೆ ಸುರೀಬೇಡಿ. ಆಕಾಶ ನೀಲಿ ಬರಬೇಕು. ಉಜ್ಜಿದ ಚಾಕುನ ಒಂದು ನಿಮಿಷ ಅದ್ದಿ ತೆಗೀರಿ, ಕೆಂಪಗೆ ತಾಮ್ರ ಕೂತಿದ್ರೆ ಸುಣ್ಣ ಕಮ್ಮಿ, ಸ್ವಲ್ಪ ಸೇರಿಸಿ. ಮಾಡಿದ ದಿನವೇ ಹೊಡೀರಿ. ಅಡಿಕೆಗೆ ಮುಂಗಾರು ಹಿಡಿಯೋ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಕಾಯಿ ಕೊಳೆತ ಮೇಲೆ ಹೊಡೆದ್ರೆ ಆ ಕಾಯಿ ವಾಪಸ್ ಬರಲ್ಲ, ಬೋರ್ಡೋ ತಡೆಯುತ್ತೆ ಅಷ್ಟೇ. ಕಾಫಿ ತುಕ್ಕಿಗಾದ್ರೆ ಶೇಕಡಾ 0.5 ಸಾಕು.

ಮೆಣಸಿನ ಬುಡಕ್ಕೆ ಬೇವಿನ ಹಿಂಡಿ, ಗೊಬ್ಬರದ ಜೊತೆ ಟ್ರೈಕೋಡರ್ಮಾ ಹಾಕೋರು ಒಂದು ನೆನಪಿಡಿ: ಟ್ರೈಕೋಡರ್ಮಾ ನಿಜವಾದ ಫಂಗಸ್, ಫೈಟಾಫ್ತೊರಾನ ಅದು ತಿಂದು ಹಾಕುತ್ತೆ. ಅದರ ಜೊತೇಲೇ ಬೋರ್ಡೋನೋ ಕಾರ್ಬೆಂಡಜಿಮ್ಮೋ ಸುರಿದ್ರೆ ಕಾವಲಿಗೆ ಇಟ್ಟೋನನ್ನೇ ಕೊಂದಂಗೆ.

8. ಪರೀಕ್ಷೆಗೆ ಬರೆಯೋರಿಗೆ

ಕೋಷ್ಟಕ ಹಾಕಿ, ಐದು ಸಾಲು: ದೇಹ, ಪೋಷಣೆ, ಕೋಶಭಿತ್ತಿ, ಚಲನೆ, ಉದಾಹರಣೆ. ಆಹಾರ ಸಂಗ್ರಹ ಕೇಳಿದ್ರೆ ಫಂಗಸ್ಸಿಗೆ ಗ್ಲೈಕೋಜನ್. ಒಂದು ಎಚ್ಚರಿಕೆ, ಪಿಯುಸಿ ಪಾಠದಲ್ಲಿ ಸಾಸಿವೆಗೆ ಬರೋ ಆಲ್ಬುಗೋನ ಫೈಕೋಮೈಸೀಟ್ಸ್ ಅಂತ ಫಂಜೈ ಒಳಗೇ ಇಟ್ಟಿದಾರೆ. ಅದು ಊಮೈಸೀಟ್, ಈಗಿನ ವಿಜ್ಞಾನದ ಪ್ರಕಾರ ಫಂಗಸ್ ಅಲ್ಲ. ಆದ್ರೂ ಪರೀಕ್ಷೇಲಿ ಪಾಠದಲ್ಲಿ ಇರೋ ಹಂಗೇ ಬರೀರಿ, ಮಾರ್ಕ್ಸ್ ಕೊಡೋರು ಅದನ್ನೇ ನೋಡ್ತಾರೆ, ತಲೇಲಿ ಮಾತ್ರ ನಿಜ ಇಟ್ಕೊಳ್ಳಿ.

9. ಗುರುತು ಸಿಗ್ಲಿಲ್ಲ ಅಂದ್ರೆ ಸ್ಯಾಂಪಲ್ ತಗೊಂಡು ಹೋಗಿ

ಹಾಸನದೋರು ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ, ಚಿಕ್ಕಮಗಳೂರು ಕಡೆಯೋರು ಮೂಡಿಗೆರೆಗೆ, ಕಾಫಿ ಆದ್ರೆ 1925ರಿಂದ ನಡೀತಿರೋ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ. ಪೂರ್ತಿ ಕೊಳೆತ ಎಲೆ, ಕಾಯಿ ತಗೊಂಡು ಹೋಗ್ಬೇಡಿ, ಅದರ ಮೇಲೆ ಆಮೇಲೆ ಬಂದು ಕೂತ ಬೇರೆ ಬೂಷ್ಟೇ ಸಿಗೋದು. ಅರ್ಧ ಚೆನ್ನಾಗಿ ಅರ್ಧ ರೋಗ ಇರೋ ಭಾಗನ ಬೆಳಗ್ಗೆ ಕಿತ್ತು, ಪೇಪರಲ್ಲಿ ಸುತ್ತಿ, ಅದೇ ದಿನ ತಲುಪಿಸಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿದ್ರೆ ದಾರೀಲೇ ಬೆವೆತು ಕೊಳೆಯುತ್ತೆ. ಯಾವತ್ತು ಶುರುವಾಯ್ತು, ಏನೇನು ಹೊಡೆದಿದೀರಿ, ಎಷ್ಟು ದಿನ ಆಯ್ತು ಅಂತ ಒಂದು ಚೀಟೀಲಿ ಬರೆದು ಜೊತೆಗಿಡಿ.